ವೇಸರ ಎಂಬ ಹೆಸರು ಎಲ್ಲಿಂದ ಬಂತು?

ಪ್ರಶ್ನೆ: ಮಾಸ್ತರೇ, ನಮಸ್ಕಾರ. ಮಗಳ ಪಾಠದಲ್ಲಿ ದೇವಾಲಯ ಶೈಲಿಗಳು ಮೂರು ಎಂದಿದೆ: ನಾಗರ, ದ್ರಾವಿಡ, ವೇಸರ. ಮೊದಲೆರಡರ ಮಿಶ್ರಣವೇ ವೇಸರವಂತೆ. ಕಳೆದ ತಿಂಗಳು ಲಕ್ಕುಂಡಿಗೆ ಹೋಗಿದ್ದೆವು. ಜೊತೆಗೆ ಬಂದಿದ್ದ ಒಬ್ಬರು, "ವೇಸರ ಅಂದ್ರೆ ಹೇಸರಗತ್ತೆ. ಕತ್ತೆಗೂ ಕುದುರೆಗೂ ಹುಟ್ಟಿದ್ದು. ಈ ಗುಡಿಗಳೂ ಹಾಗೇ" ಎಂದು ನಕ್ಕರು. ಮಗಳು ದಾರಿಯುದ್ದಕ್ಕೂ ಮಾತಾಡಲಿಲ್ಲ. ಅವರು ಹೇಳಿದ್ದು ನಿಜವೇ?
— ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಗುಡಿಯ ಹೆಸರನ್ನು ಯಾರೋ ಹಗುರ ಮಾಡಿದರು ಅಂತ ಒಂದು ಹುಡುಗಿ ಬೇಜಾರು ಮಾಡಿಕೊಂಡಳಲ್ಲ, ನನಗೆ ಅದು ದೊಡ್ಡ ಸಂಗತಿ. ಗದಗ ಸೀಮೆಯ ಶಾಲೆಗಳಲ್ಲಿ 31 ವರ್ಷ ಚಿತ್ರಕಲೆ ಕಲಿಸಿದವನು ನಾನು. ಪ್ರತಿ ವರ್ಷ ಮಕ್ಕಳನ್ನು ಇದೇ ಗುಡಿಗಳ ಮುಂದೆ ಕೂರಿಸಿ ಪೆನ್ಸಿಲ್ ಹಿಡಿಸಿದ್ದೇನೆ. ಹಾಗಾಗಿ ಈ ಸಲ ಅಂಕಣದ ಜಾಸ್ತಿ ಜಾಗ ನಿಮ್ಮ ಮಗಳಿಗೇ.

ಮೊದಲು ಇದ್ದದ್ದನ್ನು ಒಪ್ಪಿಕೊಳ್ಳೋಣ. ಸಂಸ್ಕೃತ ನಿಘಂಟಿನಲ್ಲಿ ವೇಸರ ಎಂಬ ಪದಕ್ಕೆ ಹೇಸರಗತ್ತೆ ಎಂಬ ಅರ್ಥ ಇದೆ. ನಿಮ್ಮ ಜೊತೆಗಿದ್ದವರು ಸುಳ್ಳು ಹೇಳಲಿಲ್ಲ. ಆದರೆ ಒಂದು ಪದಕ್ಕೆ ಒಂದು ಅರ್ಥ ಇದೆ ಅಂದ ಮಾತ್ರಕ್ಕೆ ಹೆಸರು ಅಲ್ಲಿಂದಲೇ ಬಂತು ಅಂತ ಆಗುವುದಿಲ್ಲ. ಅರಸು ಎಂದರೆ ದೊರೆ. ಅರಸು ಎಂದರೆ ಹುಡುಕು ಅಂತಲೂ ಹೌದು. ಹುಡುಕುತ್ತಾ ತಿರುಗುತ್ತಿದ್ದವನನ್ನು ಅರಸು ಅಂದರು ಅಂತ ನಾವು ಹೇಳುತ್ತೇವೆಯೇ? ಇಲ್ಲ ಅಲ್ವಾ. ಗುಡಿಗಳನ್ನು ನೋಡಿ, ಎರಡು ಶೈಲಿ ಕೂಡಿದಂತೆ ಅನಿಸಿ, ಆಮೇಲೆ ನಿಘಂಟು ತೆರೆದು ಹೇಸರಗತ್ತೆಗೆ ಗಂಟು ಹಾಕಿದ್ದು ಬಹಳ ಸುಲಭದ ದಾರಿ. ವಿಶ್ರ ಎಂಬ ಪದದಿಂದ ಬಂತು, ನಡೆದಾಡುವ ಜಾಗ ಎಂದು ಅದರ ಅರ್ಥ ಅಂತ ಇನ್ನೊಂದು ವಿವರಣೆಯನ್ನು ಪರೀಕ್ಷೆಗೆ ಓದುವ ಮಕ್ಕಳು ಬಾಯಿಪಾಠ ಮಾಡುತ್ತಾರೆ. ವಿದ್ವಾಂಸರು ಇವೆರಡರಲ್ಲಿ ಯಾವುದನ್ನೂ ಒಮ್ಮತದಿಂದ ಒಪ್ಪಿಲ್ಲ.

ಹಾಗಾದರೆ ಗುಡಿ ಕಟ್ಟುವವರ ಬಾಯಲ್ಲಿ ಈ ಪದ ಹೇಗಿತ್ತು? ನಾನು ಕೇಳುವುದು ಆ ಪ್ರಶ್ನೆಯನ್ನು. ಅದಕ್ಕೆ ಉತ್ತರ ಹೂವಿನಹಡಗಲಿ ತಾಲ್ಲೂಕಿನ ಹೊಳಲಿನಲ್ಲಿದೆ. ಅಲ್ಲಿ ಅಮೃತೇಶ್ವರ ಗುಡಿ ಇದೆ. ಆ ಗುಡಿಯ ಕಂಬದ ಮೇಲೆ ಒಂದು ಚಿಕ್ಕ ಬರಹ. ಸುಮಾರು 900 ವರ್ಷ ಹಳೆಯದು. ಬಮ್ಮೋಜ ಎಂಬ ಶಿಲ್ಪಿಯನ್ನು ಹೊಗಳುವ ಬರಹ ಅದು. ಸೋಗಿಯ ಪದೋಜನ ಶಿಷ್ಯನಂತೆ ಅವನು. ಸೋಗಿ ಈಗಲೂ ಅದೇ ತಾಲ್ಲೂಕಿನಲ್ಲಿರುವ ಊರು. ಕಲಿಯುಗದ ವಿಶ್ವಕರ್ಮ, 64 ವಿದ್ಯೆ ಬಲ್ಲವನು, 64 ಬಗೆಯ ಕಟ್ಟಡ ಕಟ್ಟಬಲ್ಲವನು ಎಂದೆಲ್ಲ ಹೇಳಿ, ಕೊನೆಗೆ ನಾಲ್ಕು ಬಗೆಯ ಕಟ್ಟಡಗಳಲ್ಲಿ ಅವನಿಗಿದ್ದ ಹಿಡಿತವನ್ನು ಹೇಳುತ್ತದೆ. ಆ ನಾಲ್ಕು ಯಾವುವು ಗೊತ್ತೇ? ನಾಗರ, ಕಾಳಿಂಗ, ದ್ರಾವಿಡ, ವೇಸರ.

ಈ ಸಾಲನ್ನು ಮಗಳಿಗೆ ನಿಧಾನವಾಗಿ ಓದಿ ಹೇಳಿ. ಇಲ್ಲಿ ವೇಸರ ಉಳಿದ ಮೂರರ ಪಕ್ಕದಲ್ಲಿ ನಿಂತಿದೆ. ಯಾವುದರ ಮಗುವೂ ಅಲ್ಲ, ಯಾವುದಕ್ಕಿಂತ ಕಡಿಮೆಯೂ ಅಲ್ಲ. ಒಬ್ಬ ಶಿಲ್ಪಿಯ ಬಿರುದಿನ ಮಾತಿನಲ್ಲಿ, ಅವನ ದೊಡ್ಡಸ್ತಿಕೆಯಾಗಿ ಬಂದ ಪದ ಇದು. ಕಲ್ಲಿನಲ್ಲಿ ಕೆತ್ತಿಸಿ ನೂರಾರು ವರ್ಷ ಉಳಿಯಲಿ ಅಂತ ಇಟ್ಟ ಹೊಗಳಿಕೆಯಲ್ಲಿ ಯಾರಾದರೂ ಬೈಗುಳದ ಪದ ಇಡುತ್ತಾರೆಯೇ?

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಹೊಳಲಿಗಿಂತ ಮೂರೂವರೆ ಶತಮಾನ ಹಿಂದಿನದು. ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಅಲ್ಲಿಯ ಶಾಸನಗಳಲ್ಲೂ ಶಿಲ್ಪಿಗಳ ಹೆಸರಿದೆ. ಗುಂಡ ಎಂಬವನಿಗೆ ಅನಿವಾರಿತಾಚಾರಿ ಎಂಬ ಬಿರುದು. 'ತೆಂಕಣದಿಶೆಯ ಸೂತ್ರಧಾರಿ' ಎಂಬ ಮಾತೂ ಅಲ್ಲಿದೆ. ತೆಂಕಣ ಎಂದರೆ ದಕ್ಷಿಣ. ಅಳತೆಯ ದಾರ ಹಿಡಿದವನು ಸೂತ್ರಧಾರಿ. ಈ ಮಾತು ನನಗೆ ಬಹಳ ಇಷ್ಟ. ತಾನು ಯಾವ ಕಡೆಯ ಕೆಲಸಗಾರ ಎನ್ನುವುದನ್ನು ಎಷ್ಟು ಸರಳವಾಗಿ ಹೇಳಿಬಿಟ್ಟಿದೆ!

ಇನ್ನು ಶಾಸ್ತ್ರಗ್ರಂಥಗಳು. ಇಲ್ಲಿ ಗೊಂದಲ ಜಾಸ್ತಿ, ಯಾಕೆಂದರೆ ಒಂದೇ ಪದವನ್ನು ಎರಡು ರೀತಿ ಬಳಸಿದ್ದಾರೆ. ದಕ್ಷಿಣದ ಶಿಲ್ಪಗ್ರಂಥಗಳಲ್ಲಿ ಹೆಸರು ನಿಲ್ಲುವುದು ಆಕಾರದ ಮೇಲೆ. ಚೌಕವಾದರೆ ನಾಗರ. ಎಂಟು ಮೂಲೆಯಾದರೆ ದ್ರಾವಿಡ. ದುಂಡಗಿದ್ದರೆ ಅಥವಾ ಆನೆಯ ಬೆನ್ನಿನಂತೆ ಹಿಂಭಾಗ ಬಾಗಿದ್ದರೆ ವೇಸರ. ಮಹಾಬಲಿಪುರದ ರಥಗಳನ್ನು ನೋಡಿದವರಿಗೆ ಇದು ತಟ್ಟನೆ ತಿಳಿಯುತ್ತದೆ. ಧರ್ಮರಾಜ ರಥದ ತಲೆಗೆ ಎಂಟು ಮೂಲೆ. ನಕುಲ ಸಹದೇವ ರಥದ ಹಿಂಭಾಗ ದುಂಡು. ಈ ಲೆಕ್ಕದಲ್ಲಿ ವೇಸರಕ್ಕೂ ಮಿಶ್ರಣಕ್ಕೂ ಸಂಬಂಧವೇ ಇಲ್ಲ.

ಇನ್ನೊಂದು ಲೆಕ್ಕ ನಾಡಿನದು. ಹಿಮಾಲಯದಿಂದ ವಿಂಧ್ಯದವರೆಗೆ ನಾಗರ, ಕೃಷ್ಣೆಯಿಂದ ಕನ್ಯಾಕುಮಾರಿಯವರೆಗೆ ದ್ರಾವಿಡ, ನಡುವಿನದು ವೇಸರ. ಪಾಠಪುಸ್ತಕಗಳಿಗೆ ಇದೇ ಇಷ್ಟ. ಮಗಳಿಗೆ ಒಂದು ಕೆಲಸ ಕೊಡಿ. ಭೂಪಟದಲ್ಲಿ ಕೃಷ್ಣಾ ನದಿಯ ಮೇಲೆ ಬೆರಳಿಟ್ಟು, ಆಮೇಲೆ ಲಕ್ಕುಂಡಿ, ಇಟಗಿ, ಡಂಬಳ ಹುಡುಕಲಿ. ಮೂರೂ ನದಿಯ ದಕ್ಷಿಣಕ್ಕೇ ಇವೆ! ವೇಸರ ಅಂತ ಎಲ್ಲರೂ ಮೊದಲು ತೋರಿಸುವ ಗುಡಿಗಳೇ ಗ್ರಂಥದ ಗಡಿಯೊಳಗೆ ಬರುವುದಿಲ್ಲ. ಗಡಿಗೆರೆ ಎಳೆದು ಶೈಲಿ ಹಂಚುವುದು ಎಷ್ಟು ಕಷ್ಟ ಅಂತ ಅವಳಿಗೇ ಗೊತ್ತಾಗುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಮಿಶ್ರಣ ಅಂತ ಜನ ಯಾಕೆ ಅಂದುಕೊಂಡರು? ಕಣ್ಣಿಗೆ ಹಾಗೆ ಕಾಣುತ್ತದೆ, ಅದಕ್ಕೆ. ಪಟ್ಟದಕಲ್ಲಿನಲ್ಲಿ ಒಂದೇ ಅಂಗಳದಲ್ಲಿ ಎರಡೂ ಬಗೆ ಇವೆ. ಗಳಗನಾಥದ ಶಿಖರ ನಾಗರ. ಕೆಳಗಿನಿಂದ ಮೇಲಕ್ಕೆ ಬಿಲ್ಲಿನ ಹಾಗೆ ಬಾಗಿ ಏರುತ್ತದೆ. ಗೆರೆಗಳೆಲ್ಲ ಉದ್ದಕ್ಕೆ. ತುದಿಯಲ್ಲಿ ನೆಲ್ಲಿಕಾಯಿ ಆಕಾರದ ಆಮಲಕ. ವಿರೂಪಾಕ್ಷದ ಶಿಖರ ದ್ರಾವಿಡ. ಮನೆಯ ಮೇಲೆ ಮನೆ ಇಟ್ಟ ಹಾಗೆ ನೆಲೆ ನೆಲೆಯಾಗಿದೆ. ಗೆರೆಗಳು ಅಡ್ಡಕ್ಕೆ. ಪ್ರತಿ ನೆಲೆಯಲ್ಲೂ ಪುಟ್ಟ ಪುಟ್ಟ ಗುಡಿಗಳ ಸಾಲು. ಮೂಲೆಯಲ್ಲಿ ಚೌಕದ್ದು, ಅದಕ್ಕೆ ಕೂಟ ಎನ್ನುತ್ತಾರೆ. ನಡುವೆ ಉದ್ದನೆಯದು, ಅದು ಶಾಲೆ.

ಈ ಕೂಟ ಮತ್ತು ಶಾಲೆಗಳನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಇಟಗಿಯ ಮಹಾದೇವ ಗುಡಿಗೆ ಬನ್ನಿ. 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಅಲ್ಲಿನ ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎನ್ನುತ್ತದೆ. ಹಿಂದಿನ ಗೋಡೆಯ ನಡುವೆ ನಿಂತು ತಲೆ ಎತ್ತಿ ನೋಡಿ. ನಡುವಿನ ಶಾಲೆಯ ಭಾಗ ಗೋಡೆಯಿಂದ ಮುಂದೆ ಚಾಚಿದೆ. ಅದರ ಮೇಲಿನ ನೆಲೆಯಲ್ಲೂ ಅದೇ ಜಾಗ ಮುಂದೆ ಚಾಚಿದೆ. ಅದರ ಮೇಲೂ. ಒಂದರ ಮೇಲೊಂದು ನೇರ ಕೂತು, ಕೆಳಗಿನಿಂದ ತುದಿಯವರೆಗೆ ಒಂದೇ ಪಟ್ಟಿಯ ಹಾಗೆ ಕಾಣುತ್ತದೆ. ಅಡ್ಡಗೆರೆಗಳು ಇವೆ, ಆದರೆ ಕಣ್ಣು ಅವುಗಳಲ್ಲಿ ನಿಲ್ಲದೆ ಮೇಲಕ್ಕೆ ಓಡುತ್ತದೆ. ದೂರದಿಂದ ನಾಗರ ಅನಿಸುತ್ತದೆ. ಹತ್ತಿರ ಹೋಗಿ ಒಂದೊಂದೇ ತುಂಡು ಗುರುತಿಸಿದರೆ ಎಲ್ಲವೂ ವಿರೂಪಾಕ್ಷದಲ್ಲಿ ಕಂಡ ಅದೇ ಕೂಟ, ಅದೇ ಶಾಲೆ. ಹೊಸದಾಗಿ ಹೊರಗಿನಿಂದ ತಂದು ಅಂಟಿಸಿದ್ದು ಬಹಳ ಕಡಿಮೆ.

ಅಂದರೆ ಇದು ಅರ್ಧ ಅದು, ಅರ್ಧ ಇದು ಅಲ್ಲ. ಒಂದೇ ಬೇರಿನಿಂದ ನಾಲ್ಕು ಶತಮಾನ ಬೆಳೆದದ್ದು. ತಂದೆ ಮಗನಿಗೆ, ಗುರು ಶಿಷ್ಯನಿಗೆ ಹೇಳಿಕೊಡುತ್ತಾ ಬಂದ ಕೆಲಸ. ಪ್ರತಿ ತಲೆಮಾರು ಒಂದು ಮಡಿಕೆ ಜಾಸ್ತಿ ಮಾಡಿದೆ. ಉತ್ತರದ ಶಿಖರಗಳೂ ಅವರಿಗೆ ಚೆನ್ನಾಗಿ ಗೊತ್ತಿದ್ದವು. ಲಕ್ಕುಂಡಿಯ ಕಾಶಿವಿಶ್ವೇಶ್ವರದ ಹೊರಗೋಡೆಯಲ್ಲಿ ಅರೆಗಂಬಗಳ ಮೇಲೆ ಪುಟ್ಟ ಶಿಖರಗಳನ್ನು ಕೆತ್ತಿದ್ದಾರೆ. ಅವುಗಳಲ್ಲಿ ಉತ್ತರದ ಮಾದರಿಗಳೂ ಇವೆ. ಗೊತ್ತಿದ್ದೂ ದೊಡ್ಡ ಶಿಖರವನ್ನು ತಮ್ಮ ದಾರಿಯಲ್ಲೇ ಎಬ್ಬಿಸಿದರು.

ಗುಡಿಗಳ ವಾಸ್ತುಶಿಲ್ಪ ಓದಿದ ವಿದ್ವಾಂಸ ಎಂ. ಎ. ಢಾಕಿ 1977ರಲ್ಲಿ ಕರ್ನಾಟಕದ ಶಾಸನಗಳಲ್ಲಿ ಬರುವ ಗುಡಿಯ ಬಗೆಗಳನ್ನೇ ಹಿಡಿದು ಒಂದು ಪುಸ್ತಕ ಬರೆದರು. ಅದೇ ವಿಷಯದ ಇನ್ನೊಬ್ಬ ವಿದ್ವಾಂಸ ಆಡಂ ಹಾರ್ಡಿ 1995ರಲ್ಲಿ ನೂರಾರು ಗುಡಿಗಳನ್ನು ಬಿಡಿಸಿ ನೋಡಿ, ಏಳನೆಯ ಶತಮಾನದಿಂದ ಹದಿಮೂರರವರೆಗೆ ಇದು ಒಂದೇ ಪರಂಪರೆ ಎಂದು ತೋರಿಸಿ ಕರ್ಣಾಟ ದ್ರಾವಿಡ ಎಂದು ಕರೆದರು. ಮಿಶ್ರಣ ಅನ್ನುವವರಿಗಿಂತ ನನ್ನ ಮನಸ್ಸು ಹಾರ್ಡಿಯವರ ಕಡೆಗೆ. ಕೈಯಲ್ಲಿ ಪೆನ್ಸಿಲ್ ಹಿಡಿದು ಇಟಗಿಯ ಒಂದು ಮೂಲೆಯನ್ನು ಪೂರ್ತಿ ಬಿಡಿಸಿದವರಿಗೆ ಇದು ಬೆರಳಿಗೇ ಗೊತ್ತಾಗುತ್ತದೆ.

ಮಗಳಿಗೆ ಹೇಳಿ: ಪರೀಕ್ಷೆಯಲ್ಲಿ ಪಾಠದಲ್ಲಿರುವಂತೆ ಬರೆಯಲಿ, ಅಂಕ ಕಳೆದುಕೊಳ್ಳುವುದು ಬೇಡ. ಮುಂದಿನ ಸಲ ಯಾರಾದರೂ ನಕ್ಕರೆ, ಬಮ್ಮೋಜನ ಹೆಸರು ಹೇಳಲಿ.

ಪ್ರಶ್ನೆ: ನಾಗರ ಶೈಲಿ ಎಂಬ ಹೆಸರಿಗೂ ನಾಗರಹಾವಿಗೂ ಸಂಬಂಧ ಇದೆಯೇ? ಶಿಖರ ಹೆಡೆಯಂತೆ ಕಾಣುತ್ತದೆ ಎಂದು ನಮ್ಮಲ್ಲಿ ಒಬ್ಬರು ಹೇಳಿದರು.
— ಓದುಗರು, ಇಳಕಲ್ಲು

ಉತ್ತರ: ಇಲ್ಲ. ಈ ನಾಗರ ಬಂದದ್ದು ನಗರ ಎಂಬ ಮಾತಿನಿಂದ. ಪಟ್ಟಣಕ್ಕೆ ಸೇರಿದ್ದು ಎಂದರ್ಥ. ದ್ರಾವಿಡ ಮತ್ತು ಕಾಳಿಂಗ ಎರಡೂ ನಾಡಿನ ಹೆಸರುಗಳು. ಕಳಿಂಗ ಅಂದರೆ ಇವತ್ತಿನ ಒಡಿಶಾ ಕಡೆ. ಹೊಳಲಿನ ನಾಲ್ಕು ಹೆಸರುಗಳಲ್ಲಿ ಮೂರಕ್ಕೆ ಹೀಗೆ ಊರು, ನಾಡಿನ ಜಾಡು ಸಿಗುತ್ತದೆ. ವೇಸರ ಮಾತ್ರ ಆ ಸಾಲಿನಲ್ಲಿ ಬೇರೆಯಾಗಿ ನಿಲ್ಲುತ್ತದೆ. ಅದಕ್ಕೇ ಅದರ ಬಗ್ಗೆ ಇಷ್ಟು ವಾದ.

ಪ್ರಶ್ನೆ: ನಾನು ಶಿಕ್ಷಕಿ. ಮಕ್ಕಳನ್ನು ಬೇಲೂರಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಕೆಲವು ಪುಸ್ತಕಗಳಲ್ಲಿ ಹೊಯ್ಸಳ ಶೈಲಿ, ಕೆಲವದರಲ್ಲಿ ಚಾಲುಕ್ಯ ಶೈಲಿ, ಇನ್ನು ಕೆಲವದರಲ್ಲಿ ವೇಸರ. ಯಾವುದನ್ನು ಹೇಳಲಿ?
— ಓದುಗರು, ಅರಸೀಕೆರೆ

ಉತ್ತರ: ತಂಗಿ, ನೀವು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಇವು ಮೂರು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಜನ ಇಟ್ಟ ಹೆಸರುಗಳು.

ಚಾಲುಕ್ಯ ಶೈಲಿ ಎಂಬುದನ್ನು ಪುಸ್ತಕಗಳಲ್ಲಿ ಊರಿಸಿದವರು ಜೇಮ್ಸ್ ಫರ್ಗ್ಯುಸನ್. ಭಾರತಕ್ಕೆ ನೀಲಿ ಬಣ್ಣದ (ಇಂಡಿಗೊ) ವ್ಯಾಪಾರಕ್ಕೆ ಬಂದು, ಆಮೇಲೆ ಕಟ್ಟಡಗಳ ಇತಿಹಾಸ ಬರೆದವರು. 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ಗುಡಿಗಳ ಫೋಟೋಗಳ ದೊಡ್ಡ ಪುಸ್ತಕ ಬಂತು. ಅದಕ್ಕೆ ಕಟ್ಟಡಗಳ ಬಗ್ಗೆ ಬರೆದವರು ಅವರೇ. 1876ರ ತಮ್ಮ ಇತಿಹಾಸದಲ್ಲಿ ದ್ರಾವಿಡಕ್ಕೆ ಒಂದು ಭಾಗ ಕೊಟ್ಟು, ನಮ್ಮ ಗುಡಿಗಳಿಗೆ ಚಾಲುಕ್ಯ ಎಂಬ ಬೇರೆ ಭಾಗ ಮಾಡಿದರು. ಬೇಲೂರು, ಹಳೇಬೀಡೂ ಅದರೊಳಗೇ ಬಂದವು. ಆಮೇಲಿನವರು ಹೊಯ್ಸಳ ಅಂತ ಬಿಡಿಸಿದರು.

ರಾಜಮನೆತನದ ಹೆಸರಿನಿಂದ ಕಾಲ ಗೊತ್ತಾಗುತ್ತದೆ, ಅದು ಅನುಕೂಲ. ಆದರೆ ಕೆಲಸಗಾರರು ರಾಜ್ಯದ ಗಡಿಯಲ್ಲಿ ನಿಲ್ಲಲಿಲ್ಲ. ಬೇಲೂರಿನ ಮದನಿಕೆಯರನ್ನು ನೋಡುವಾಗ ದಾಸೋಜ ಮತ್ತು ಅವನ ಮಗ ಚಾವಣನ ಹೆಸರು ಮಕ್ಕಳಿಗೆ ತಪ್ಪದೆ ಹೇಳಿ. ಅವರು ಬಳ್ಳಿಗಾವೆಯವರು. ಇವತ್ತಿನ ಶಿಕಾರಿಪುರ ತಾಲ್ಲೂಕಿನ ಊರು, ಆಗ ಚಾಲುಕ್ಯರ ನಾಡು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಗುಡಿಗೆ ಆ ಕಡೆಯ ಕೈಗಳು ಬಂದು ಕೆಲಸ ಮಾಡಿದವು. ಈಗ ಹೇಳಿ, ಆ ಮದನಿಕೆ ಹೊಯ್ಸಳಳೋ ಚಾಲುಕ್ಯಳೋ?

ಇನ್ನೊಂದು ವಿಷಯ. ಎಲ್ಲವನ್ನೂ ರಾಜರೇ ಕಟ್ಟಿಸಲಿಲ್ಲ. ಲಕ್ಕುಂಡಿಯ ಬ್ರಹ್ಮ ಜಿನಾಲಯ 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ್ದು. ಇಟಗಿಯದು ದಂಡನಾಯಕನದು. ಸೋಮನಾಥಪುರವೂ ಸೋಮನಾಥ ದಂಡನಾಯಕನದು. ಹೀಗಾಗಿ ನನ್ನ ಪದ್ಧತಿ ಇಷ್ಟು: ಮೊದಲು ಊರಿನ ಹೆಸರು, ಆಮೇಲೆ ಇಸವಿ, ಆಮೇಲೆ ಕಟ್ಟಿಸಿದವರು, ಗೊತ್ತಿದ್ದರೆ ಕಟ್ಟಿದವರು. ಶೈಲಿಯ ಹೆಸರು ಕೊನೆಗೆ. ನೀವು ಬೇಲೂರಿನಲ್ಲಿ ಹೊಯ್ಸಳ ಅಂತಲೇ ಹೇಳಿ, ತಪ್ಪಿಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದೂ ಹೊಯ್ಸಳರ ಹೆಸರಿನಲ್ಲೇ.

'ಹೊಯ್ ಸಳ' ಕಥೆಯನ್ನು ಮಕ್ಕಳು ಕೇಳಿಯೇ ಕೇಳುತ್ತಾರೆ. ಕಥೆ ಹೇಳಿ, ಸಳನ ಶಿಲ್ಪ ತೋರಿಸಿ. ಜೊತೆಗೆ ಹಳೆಯ ಶಾಸನಗಳಲ್ಲಿ ಆ ಹೆಸರು ಪೊಯ್ಸಳ ಅಂತ ಇರುವುದನ್ನೂ ಹೇಳಿ. ಪಾಲು ಹಾಲಾಯಿತು, ಪೂವು ಹೂವಾಯಿತು, ಹಾಗೇ ಪೊಯ್ಸಳ ಹೊಯ್ಸಳ ಆಯಿತು. ಒಂದೇ ಉಸಿರಿನಲ್ಲಿ ಇತಿಹಾಸದ ಪಾಠವೂ ಆಗುತ್ತದೆ, ಕನ್ನಡದ್ದೂ ಆಗುತ್ತದೆ.

ಪ್ರಶ್ನೆ: ಸರ್, ನಾನು ಒಂಬತ್ತನೇ ಕ್ಲಾಸ್. ಡಂಬಳದ ದೊಡ್ಡಬಸಪ್ಪ ಗುಡಿ ನಕ್ಷತ್ರದ ಆಕಾರ, 24 ಮೂಲೆ ಅಂತ ಓದಿದೆ. ಅಷ್ಟು ಮೂಲೆಯನ್ನು ನೆಲದ ಮೇಲೆ ಹೇಗೆ ಗೆರೆ ಹಾಕಿದರು? ಇದೂ ವೇಸರವೇ?
— ಓದುಗ, ಮುಂಡರಗಿ

ಉತ್ತರ: ತಮ್ಮಾ, ನಿನ್ನ ಪ್ರಶ್ನೆಗೆ ಉತ್ತರ ನಿನ್ನ ಕಂಪಾಸ್ ಪೆಟ್ಟಿಗೆಯಲ್ಲೇ ಇದೆ. ಮೇಲೆ ನಾನು ಇಟಗಿಯ ಬಗ್ಗೆ ಬರೆದದ್ದನ್ನು ಓದು. ಅದರ ಮುಂದಿನ ಹೆಜ್ಜೆ ಡಂಬಳ. ವೇಸರ ಅನ್ನುವವರು ಅದನ್ನೂ ವೇಸರ ಅನ್ನುತ್ತಾರೆ. ನೀನು ಸುಮ್ನೆ ಹೆಸರು ನೆನಪಿಟ್ಟುಕೊಳ್ಳುವುದಕ್ಕಿಂತ ಒಂದು ಸಲ ಮಾಡಿ ನೋಡು.

ದಪ್ಪ ಕಾಗದದಲ್ಲಿ ಒಂದೇ ಅಳತೆಯ ಆರು ಚೌಕ ಕತ್ತರಿಸು. 12 ಸೆಂಟಿಮೀಟರ್ ಇರಲಿ. ಪ್ರತಿಯೊಂದರಲ್ಲೂ ಮೂಲೆಯಿಂದ ಮೂಲೆಗೆ ಗೆರೆ ಎಳೆದು ನಡುಬಿಂದು ಗುರುತಿಸು. ಆ ಬಿಂದುವಿನಲ್ಲಿ ಗುಂಡುಪಿನ್ನು ಚುಚ್ಚಿ ಆರನ್ನೂ ಒಂದರ ಮೇಲೊಂದು ಇಡು. ಈಗ ಮೊದಲನೆಯದನ್ನು ಬಿಟ್ಟು, ಎರಡನೆಯದನ್ನು 15 ಡಿಗ್ರಿ ತಿರುಗಿಸು. ಮೂರನೆಯದನ್ನು 30, ಆಮೇಲೆ 45, 60, 75. ಒಂದು ಚೌಕಕ್ಕೆ ನಾಲ್ಕು ಮೂಲೆ, ಆರು ಚೌಕಕ್ಕೆ 24. ಕೋನಮಾಪಕ ಇಲ್ಲದಿದ್ದರೂ ನಡೆಯುತ್ತದೆ. ಪೆಟ್ಟಿಗೆಯಲ್ಲಿ ಎರಡು ಮೂಲೆಮಟ್ಟ ಇವೆ. ಒಂದರಲ್ಲಿ 45, ಇನ್ನೊಂದರಲ್ಲಿ 30 ಇದೆ. ಒಂದರಿಂದ ಇನ್ನೊಂದು ಕಳೆದರೆ 15 ಸಿಕ್ಕಿತು. ನೆಲದ ಮೇಲೆ ಮಾಡುವುದಾದರೆ ನಡುವೆ ಒಂದು ಗೂಟ, ಒಂದು ದಾರ ಸಾಕು. ಮಕ್ಕಳ ಜೊತೆ ಶಾಲೆಯ ಅಂಗಳದಲ್ಲಿ ಸುಣ್ಣದ ಪುಡಿ ಹಾಕಿ ಇದನ್ನು ಎಷ್ಟೋ ಸಲ ಬಿಡಿಸಿದ್ದೇನೆ. ಒಂದು ಚೌಕ ಸ್ವಲ್ಪ ಜಾರಿದರೂ ಕೊನೆಯ ಎರಡು ಮೂಲೆಗಳ ನಡುವಿನ ಜಾಗ ಕಿರಿದಾಗಿಬಿಡುತ್ತದೆ, ಮತ್ತೆ ಅಳಿಸಿ ಮೊದಲಿನಿಂದ ಶುರು ಮಾಡಬೇಕು. ಬಳಪದ ಕಲ್ಲಿನಲ್ಲಿ ಅಳಿಸುವ ಹಾಗಿಲ್ಲ ಅಲ್ವಾ!

ಇನ್ನು ಮಜಾ ನೋಡು. ಡಂಬಳದಲ್ಲಿ ಆ ನಕ್ಷತ್ರ ನೆಲದಲ್ಲೇ ಮುಗಿಯುವುದಿಲ್ಲ. ಪೀಠದಿಂದ ಗೋಡೆಗೆ, ಗೋಡೆಯಿಂದ ಶಿಖರಕ್ಕೆ ಅದೇ ಮೂಲೆಗಳು ಏರುತ್ತವೆ. ಇಟಗಿಯಲ್ಲಿ ನಡುವೆ ಮುಂದೆ ಚಾಚಿದ ಅಗಲ ಭಾಗ ಎದ್ದು ಕಾಣುತ್ತಿತ್ತು. ಇಲ್ಲಿ ಆ ನಡುಭಾಗವೂ ಇಲ್ಲ, ಎಲ್ಲ ಮೂಲೆಗಳೂ ಸಮ. ಆದರೂ ಗೋಡೆಗೆ ಮುಖ ಹತ್ತಿರ ಇಟ್ಟು ನೋಡಿದರೆ ಅದೇ ಹಳೆಯ ಅರೆಗಂಬ, ಅದೇ ನೆಲೆಗಳು ಸಣ್ಣದಾಗಿ ಕಾಣುತ್ತವೆ.

ಮುಂಡರಗಿಯಿಂದ ಡಂಬಳ ನಿನಗೆ ಹತ್ತಿರವೇ. ಬೆಳಿಗ್ಗೆ ಬಿಸಿಲು ಓರೆಯಾಗಿರುವಾಗ ಹೋಗು. ಆಗ ಒಂದು ಮೂಲೆಯ ನೆರಳು ಪಕ್ಕದ ಮೂಲೆಯ ಮೇಲೆ ಬಿದ್ದು ಎಣಿಸುವುದು ಸುಲಭ. ಗರ್ಭಗುಡಿಯ ಹೊರಗೋಡೆ ಸುತ್ತಿ ಬಾ. ನಿನಗೆ 24 ಸಿಗುವುದಿಲ್ಲ, ಗಾಬರಿಯಾಗಬೇಡ. ಮುಂದಿನ ಮಂಟಪದ ಕಡೆ ಗೋಡೆ ಸೇರುವಲ್ಲಿ ಕೆಲವು ಮೂಲೆ ಒಳಗೆ ಮರೆಯಾಗಿವೆ. ನಿನ್ನ ಕಾಗದದ ನಕ್ಷತ್ರವನ್ನು ಜೊತೆಗೆ ಒಯ್ದು, ಯಾವ ಮೂಲೆಗಳು ಮರೆಯಾಗಿವೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ ನನಗೆ ಕಳಿಸು.